ಗುರುವಾರದ ನೀಲಿ ಚೀಲ

ಮಂಜರಿ ಹಳ್ಳೂರ ತನ್ನ ಬದುಕಿನಲ್ಲಿ ಬರೆಯದೆ ಬಿಟ್ಟ ಸಂಗತಿ ಅಂತ ಒಂದೂ ಇರಲಿಲ್ಲ. ಹಲ್ಲು ಕೀಳಿಸಿಕೊಂಡದ್ದನ್ನು ಬರೆದಳು. ಡಿವೋರ್ಸ್ ಆದದ್ದನ್ನು ಬರೆದಳು, ಅದೂ ಒಂದೆರಡು ಪದ್ಯವಲ್ಲ, ಒಂದಿಡೀ ಪುಸ್ತಕ. ಮಾಜಿ ಗಂಡನ ಗೊರಕೆಗೇ ಆರು ಪುಟ ಹೋಗಿತ್ತು. ತಾನು ಪಾಠ ಮಾಡುವ ಕಾಲೇಜಿನ ಮೀಟಿಂಗ್ ತಪ್ಪಿಸಿಕೊಳ್ಳಲು ಟ್ರೈನ್ ಕೆಟ್ಟಿದೆ ಅಂತ ಸುಳ್ಳು ಹೇಳಿ, ಹೊದ್ದುಕೊಂಡು ಮಲಗಿದ್ದನ್ನೂ ಬರೆದು, ಆ ಪದ್ಯಕ್ಕೆ ಬಹುಮಾನ ಬಂದು, ಬಹುಮಾನದ ಸುದ್ದಿ ಓದಿ ಡೀನ್ ಕರೆಸಿ ಕೇಳಿದ್ದೂ ಆಗಿತ್ತು. ಆ ಕೇಳಿದ್ದನ್ನೂ ಅವಳು ಬಿಡಲಿಲ್ಲ ಅನ್ನಿ.

ಅಮೆರಿಕದಲ್ಲಿ ಇಂಥ ಕಾವ್ಯಕ್ಕೆ ಕನ್ಫೆಷನಲ್ ಅಂತ ಒಂದು ಹೆಸರಿದೆ. ಚರ್ಚಿನ ಪರದೆಯ ಹಿಂದೆ ಕೂತು ಪಾದ್ರಿಯ ಕಿವಿಯಲ್ಲಿ ಹೇಳಿಕೊಳ್ಳುವುದನ್ನು ಇವರು ಮೈಕಿನ ಮುಂದೆ ನಿಂತು ಹೇಳಿಕೊಳ್ಳುತ್ತಾರೆ, ಅಷ್ಟೇ. ಮ್ಯಾನ್‌ಹಟನ್ನಿನ ಪುಟ್ಟ ಪುಸ್ತಕದಂಗಡಿಗಳಲ್ಲಿ ಇಪ್ಪತ್ತು ಮೂವತ್ತು ಜನ ಅಪರಿಚಿತರ ಮುಂದೆ ಮಂಜರಿ ತನ್ನ ಒಳಗನ್ನೆಲ್ಲ ಬಿಚ್ಚಿ ಹರವಿ, ಚಪ್ಪಾಳೆ ತಟ್ಟಿಸಿಕೊಂಡು, ನ್ಯೂಜರ್ಸಿಯ ಪಿಸ್ಕಾಟವೇಯ ತನ್ನ ಅಪಾರ್ಟ್‌ಮೆಂಟಿಗೆ ಬಂದು ಮೊಸರನ್ನ ತಿಂದು ಮಲಗುತ್ತಿದ್ದಳು. ನಲವತ್ತಮೂರು ವಯಸ್ಸು, ಮೂರು ಪುಸ್ತಕ, ಹೇಳಿಕೊಳ್ಳಲು ನಾಚಿಕೆ ಅಂತ ಒಂದಿಷ್ಟೂ ಇಲ್ಲ.

ಇಂಥ ಗಟ್ಟಿಗಿತ್ತಿ ಇಪ್ಪತ್ತು ವರ್ಷದಿಂದ ಒಬ್ಬರಿಗೆ ಮಾತ್ರ ಸುಳ್ಳು ಹೇಳಿಕೊಂಡು ಬಂದಿದ್ದಳು. ಅದು ಅವಳ ಅವ್ವ ಚನ್ನಬಸಮ್ಮನಿಗೆ.

"ಏನು ಬರದೀಯವಾ ಪುಸ್ತಕದಾಗ?" ಅಂತ ಅವ್ವ ಮೊದಲ ಪುಸ್ತಕ ಬಂದಾಗ ಕೇಳಿದ್ದಳು. ಮಂಜರಿ ಆ ಕ್ಷಣಕ್ಕೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದಳು: "ಹಿಂಗ ಅವ್ವಾ… ನೇಚರ್. ಮರ, ಹಿಮ, ಹಕ್ಕಿ."

"ಚಲೋ ಆತು. ನನಗ ನಿನ್ನ ಇಂಗ್ಲಿಷ್ ತಿಳಿಯಂಗಿಲ್ಲ ಬಿಡು. ಮರದ ಮ್ಯಾಲೆ ಬರೀ, ಯಾರೂ ಬೇಜಾರ ಮಾಡ್ಕೊಳ್ಳಂಗಿಲ್ಲ."

ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಪ್ರತಿ ಪುಸ್ತಕಕ್ಕೂ ಅವ್ವ ಫೋನು ಮಾಡಿ "ಈ ಸಲ ಯಾವ ಮರ?" ಅಂತ ಕೇಳುವುದು, ಮಂಜರಿ "ಮೇಪಲ್ ಅವ್ವಾ", "ಈ ಸಲ ಓಕ್" ಅಂತ ಹೇಳುವುದು. ಅಪ್ಪ ಮುರುಗೆಪ್ಪನವರದೇನೂ ಭಯವಿರಲಿಲ್ಲ. ಟೆಲಿಕಾಂ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದ ಎಂಜಿನಿಯರು. ಮಷಿನ್ನಿನ ಜೊತೆ ಬರುವ ಮ್ಯಾನ್ಯುಯಲ್ ಬಿಟ್ಟರೆ ಬೇರೆ ಓದು ಅಂತ ಅವರಿಗೆ ಇರಲಿಲ್ಲ.

ಈಗ ನಾಲ್ಕನೇ ಪುಸ್ತಕ ಬಂತು. ಹೆಸರು 'ಬ್ಲೂ ಬ್ಯಾಗ್, ಥರ್ಸ್‌ಡೇ'. ಗ್ರಹಚಾರವೂ ಅದರ ಜೊತೆಗೇ ಬಂತು.

ಯಾಕೆಂದರೆ ಈ ಪುಸ್ತಕದ ಕೊನೆಯ ಪದ್ಯ ಅವ್ವನದು. ಮಂಜರಿಗೆ ಐದು ವರ್ಷ. ಆಗ ಮನೆ ಇದ್ದದ್ದು ನ್ಯೂ ಬ್ರನ್ಸ್‌ವಿಕ್‌ನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ. ಪ್ರತಿ ಗುರುವಾರ ಅಪ್ಪ ಆಫೀಸಿಗೆ ಹೋದಮೇಲೆ ಅವ್ವ ಒಂದು ದೊಡ್ಡ ನೀಲಿ ಚೀಲದಲ್ಲಿ ಬಟ್ಟೆ ತುಂಬಿಕೊಂಡು, ಮಗಳ ಕೈಹಿಡಿದು ರೈಲ್ವೆ ಸ್ಟೇಷನ್ನಿಗೆ ಹೋಗುತ್ತಿದ್ದಳು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ನ್ಯೂಯಾರ್ಕಿಗೆ ಹೋಗುವ ಟ್ರೈನ್‌ಗಳನ್ನು ನೋಡುತ್ತ ಏನೋ ಪಿಟಿಪಿಟಿ ಅನ್ನುತ್ತಿದ್ದಳು. ಕಣ್ಣು ಒದ್ದೆಯಾಗಿರುತ್ತಿತ್ತು. ಆಮೇಲೆ ಎದ್ದು ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದಳು. "ಅಪ್ಪಗ ಹೇಳಬ್ಯಾಡ" ಅಂತ ಮಗಳಿಗೆ ಒಂದು ಚಾಕೊಲೇಟು. ಮಂಜರಿ ಹೇಳಿರಲಿಲ್ಲ. ಮೂವತ್ತೆಂಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಪದ್ಯ ಮಾಡಿ ಜಗತ್ತಿಗೇ ಹೇಳಿಬಿಟ್ಟಿದ್ದಳು: ನನ್ನ ಅವ್ವ ನಮ್ಮಪ್ಪನನ್ನು ಬಿಟ್ಟು ಹೋಗಲು ಪ್ರತಿ ಗುರುವಾರ ಹೊರಡುತ್ತಿದ್ದಳು, ಪ್ರತಿ ಗುರುವಾರ ಅವಳಿಂದ ಆಗುತ್ತಿರಲಿಲ್ಲ.

ಒಳ್ಳೆಯ ಪದ್ಯ. ಅವಳು ಬರೆದದ್ದರಲ್ಲೇ ಒಳ್ಳೆಯದು. ಅವ್ವ ಓದುವುದಿಲ್ಲವಲ್ಲ ಅನ್ನುವ ಧೈರ್ಯದ ಮೇಲೆ ಬರೆದದ್ದು.

ಪುಸ್ತಕ ಬಂತು ಅಂತ ಫೋನಿನಲ್ಲಿ ಹೇಳಿ ಎರಡು ದಿನ ಆಗಿರಲಿಲ್ಲ, ಮಂಜರಿಯ ವಾಟ್ಸಾಪ್‌ಗೆ ಒಂದು ಚಿತ್ರ ಬಂತು. ಹಿಂದುಗಡೆ ಜಲಪಾತ, ಮುಂದೆ ನವಿಲು, ನವಿಲಿನ ಪಕ್ಕ ಮಂಜರಿಯ ಹತ್ತು ವರ್ಷದ ಹಿಂದಿನ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ: 'ಖ್ಯಾತ ನಿಸರ್ಗ ಕವಯಿತ್ರಿ ಮಂಜರಿ ಹಳ್ಳೂರ ಅವರ ಕವಿತಾ ವಾಚನ. ಗುರುವಾರ ಸಂಜೆ ನಾಲ್ಕಕ್ಕೆ, ಮನ್ರೋ ಕ್ಲಬ್‌ಹೌಸ್. ಗಿರಮಿಟ್, ಮಿರ್ಚಿ, ಮಾದಲಿ ಇರುತ್ತದೆ. ಎಲ್ಲರೂ ಬರ್ರಿ.' ಮನ್ರೋ ಅಂದರೆ ಅವ್ವ ಅಪ್ಪ ಈಗ ಇರುವ ಊರು. ಅದನ್ನು ಅವ್ವ ಐದು ಗ್ರೂಪುಗಳಿಗೆ ಹಾಕಿದ್ದಳು.

ಮಂಜರಿ ಅದನ್ನು ಎರಡು ಸಲ ಓದಿದಳು. ತಕ್ಷಣ ಫೋನು ಹಚ್ಚಿದಳು.

"ಅವ್ವಾ, ವೀಕ್‌ಡೇ ಯಾರು ಬರ್ತಾರ? ಎಲ್ರೂ ಕೆಲಸಕ್ಕ ಹೋಗಿರ್ತಾರ!"

"ನಮ್ಮದು ಐವತ್ತೈದು ದಾಟಿದವರ ಕಮ್ಯುನಿಟಿ ಐತಿ. ಇಲ್ಲಿ ಎಲ್ಲಾ ದಿನಾನೂ ಐತವಾರನ. ಅರವತ್ತು ಮಂದಿ ಆಗ್ಲೇ ಹೆಸರು ಕೊಟ್ಟಾರ."

"ಅರವತ್ತಾ?"

"ಮಿರ್ಚಿ ಅಂತ ಬರದೀನಲ್ಲ. ಮತ್ತ ಪುಸ್ತಕದ ಹೆಸರ ಗುರುವಾರ ಅಂದಮ್ಯಾಲೆ ಗುರುವಾರನ ಇಡಬೇಕಿಲ್ಲೋ? ಅಂದಂಗ ಈ ಸಲ ಯಾವ ಮರ?"

ಮಂಜರಿಗೆ ಮರವೇ ನೆನಪಾಗಲಿಲ್ಲ. "ಪೈನ್" ಅಂತ ಹೇಗೋ ಹೇಳಿ ಫೋನಿಟ್ಟಳು.

ಅವಳ ತಲೆಯಲ್ಲಿ ಈಗ ಒಂದೇ ಲೆಕ್ಕ. ಬರುವ ಅರವತ್ತು ಜನ ಆಂಟಿ ಅಂಕಲ್‌ಗಳಲ್ಲಿ ಅರ್ಧದಷ್ಟು ಡಾಕ್ಟರು, ಪ್ರೊಫೆಸರು. ಇಂಗ್ಲಿಷ್ ಅರೆದು ಕುಡಿದವರು. ಕೊನೆಯ ಪದ್ಯ ಓದಿದರೆ ಅವ್ವ ಕಾಪಾಡಿಕೊಂಡು ಬಂದ ಗುಟ್ಟು ಅಪ್ಪನ ಮುಂದೆ, ಇಡೀ ಮನ್ರೋದ ಮುಂದೆ ಬಯಲಾಗುತ್ತದೆ. ಓದದೆ ಬಿಟ್ಟರೂ ಪುಸ್ತಕ ಕೊಂಡ ಯಾರಾದರೊಬ್ಬರು ನಾಳೆ ಅವ್ವನ ಕಿವಿಗೆ ಹಾಕುತ್ತಾರೆ. ಅಂಥ ದಿನ ಬಂದರೆ ಅವ್ವ ತನ್ನ ಮುಖ ಮತ್ತೆ ಮೊದಲಿನ ಹಾಗೆ ನೋಡುತ್ತಾಳೆಯೇ? ಮಂಜರಿಗೆ ಅಳು ಬಂತು. ಗಂಡ ಹೋದಾಗ ಅವಳು ಇಷ್ಟು ಹೆದರಿರಲಿಲ್ಲ. ಗಂಡ ಹೋದರೆ ಪುಸ್ತಕ ಬರೆಯಬಹುದು. ಅವ್ವ ಮಾತು ಬಿಟ್ಟರೆ ಏನು ಮಾಡುವುದು?

ಹಾಗಾಗಿ ತೀರ್ಮಾನಿಸಿದಳು: ಮೊದಲೇ ಹೋಗಿ ಅವ್ವನಿಗೆ ತಾನೇ ಹೇಳಿಬಿಡಬೇಕು.

ಗುರುವಾರ ಮಧ್ಯಾಹ್ನ ಹನ್ನೆರಡಕ್ಕೇ ಮನ್ರೋಗೆ ಡ್ರೈವ್ ಮಾಡಿದಳು. ಅವ್ವನ ಅಡುಗೆಮನೆ ಯುದ್ಧಭೂಮಿ ಆಗಿತ್ತು. ಸ್ನಾನದ ಬಕೀಟಿನಷ್ಟು ದೊಡ್ಡ ಪಾತ್ರೆಯಲ್ಲಿ ಮಾದಲಿ. ಮಂಡಕ್ಕಿಯ ಚೀಲಗಳು ಗೋಡೆಗೆ ಒರಗಿ ಕೂತಿದ್ದವು. ಚನ್ನಬಸಮ್ಮ ಅರವತ್ತೊಂಬತ್ತರ ವಯಸ್ಸಿನಲ್ಲಿ ಸೆರಗು ಬಿಗಿದು ಹಸಿಮೆಣಸಿನಕಾಯಿ ಸೀಳುತ್ತಿದ್ದಳು. ಪಕ್ಕದಲ್ಲಿ ಮೈಸೂರಿನ ಚಿತ್ರಾ ಆಂಟಿ ಈರುಳ್ಳಿ ಹೆಚ್ಚುತ್ತ, ಕಣ್ಣೀರು ಒರೆಸಿಕೊಳ್ಳುತ್ತ, ಮಾತಾಡುತ್ತಲೂ ಇದ್ದರು. ಈ ಇಬ್ಬರು ಮೂವತ್ತೈದು ವರ್ಷದ ಗೆಳತಿಯರು. ಖಾರ ಎಷ್ಟು ಹಾಕಬೇಕು ಅನ್ನುವುದರ ಮೇಲೆ ಅಷ್ಟೂ ವರ್ಷ ಜಗಳ.

"ಅವ್ವಾ, ನಿನಗೊಂದು ಹೇಳೋದೈತಿ," ಅಂದಳು ಮಂಜರಿ.

"ಹೇಳು. ಆ ಪುಟಾಣಿ ಹಿಟ್ಟಿನ ಡಬ್ಬಿ ಕೊಡು ಮೊದಲ."

ಮಂಜರಿ ಡಬ್ಬಿ ಕೊಟ್ಟಳು. "ಈ ಪುಸ್ತಕದಾಗ ಪೂರಾ ನೇಚರ್ ಇಲ್ಲ."

"ಹೌದಾ? ಅರ್ಧಾ ನೇಚರ್ ಐತೇನು?"

"ಅರ್ಧಾನೂ ಅಲ್ಲ… ಒಂದು ಪದ್ಯ ಐತಿ ಅವ್ವಾ, ಅದು…" ಸಾವಿರ ಜನರ ಸಾಹಿತ್ಯೋತ್ಸವದಲ್ಲಿ ತನ್ನ ಮದುವೆ ಮುರಿದದ್ದನ್ನು ಗಟ್ಟಿದನಿಯಲ್ಲಿ ಓದಿದ್ದ ಹೆಂಗಸು, ಮೆಣಸಿನಕಾಯಿ ಸೀಳುವ ಅವ್ವನ ಮುಂದೆ ತೊದಲಿದಳು. "ಅದು… ಸ್ವಲ್ಪ ಉದ್ದ ಐತಿ."

"ಉದ್ದ ಇದ್ರ ನೀರು ಕುಡದು ಓದು," ಅಂದಳು ಅವ್ವ.

ಚಿತ್ರಾ ಆಂಟಿ ಮೂಗು ಸೊರ್ರೆಂದು ಎಳೆದುಕೊಂಡು, "ಈ ಹುಡುಗಿ ಯಾಕ್ರೀ ಇಷ್ಟು ಬಿಳಿಚ್ಕೊಂಡಿದಾಳೆ? ಬೆಳಗ್ಗೆಯಿಂದ ಏನೂ ತಿಂದಿಲ್ವೇನೆ? ತಗೋ, ಬಾಯಿ ತೆಗಿ," ಅಂತ ಒಂದು ಹಿಡಿ ಮಾದಲಿಯನ್ನು ಅವಳ ಬಾಯಿಗೆ ತುರುಕಿದರು. ಹೇಳಬೇಕಾದದ್ದೆಲ್ಲ ಬೆಲ್ಲದ ಜೊತೆ ಒಳಕ್ಕೇ ಹೋಯಿತು.

ಸರಿ, ಆ ಪದ್ಯ ಇವತ್ತಂತೂ ಓದುವುದಿಲ್ಲ ಅಂತ ಅವಳು ಅಲ್ಲೇ ನಿಶ್ಚಯ ಮಾಡಿಕೊಂಡಳು.

ನಾಲ್ಕಕ್ಕೆ ಕ್ಲಬ್‌ಹೌಸ್ ತುಂಬಿತ್ತು. ಮೈಸೂರು ಸಿಲ್ಕು, ಇಳಕಲ್ಲು, ಒಂದೆರಡು ಮಂಕಿಕ್ಯಾಪು ಕೂಡ. ಜೂನ್ ತಿಂಗಳು, ಆದರೆ ಒಳಗೆ ಏಸಿ ಇದೆಯಲ್ಲ. ಬೋರ್ಡಿನ ಮೇಲೆ ಜಲಪಾತದ ನವಿಲು. ಮೊದಲ ಸಾಲಿನ ನಡುವೆ ಅವ್ವ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು. ಅವಳ ಪಕ್ಕ ಅಪ್ಪ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಗಳ ಹೆಸರು ಅನೌನ್ಸ್ ಆಗುವ ಮುಂಚೆಯೇ ಚಪ್ಪಾಳೆ ಹೊಡೆಯಲು ಶುರುಮಾಡಿದ್ದರು.

ಮಂಜರಿ ಹೆದರುತ್ತಲೇ ಆರಂಭಿಸಿದಳು. ಎರಡನೆಯ ಪದ್ಯ ಚಿತ್ರಾ ಆಂಟಿಯದು. ಡಿವೋರ್ಸಿನ ಕಾಗದ ಬಂದ ಮರುದಿನ ಒಬ್ಬ ಹೆಂಗಸು ಕುಕ್ಕರ್ ಸಮೇತ ಬಿಸಿಬೇಳೆಬಾತ್ ತಂದು, ಏನೊಂದೂ ಕೇಳದೆ, ಮೂರು ದಿನ ಸೋಫಾದ ಮೇಲೆ ಕೂತು ಟೀವಿ ನೋಡಿ, ನಾಲ್ಕನೆಯ ದಿನ ಕುಕ್ಕರ್ ತೊಳೆದುಕೊಂಡು ಹೋದ ಪದ್ಯ. ಹೆಸರು ಹಾಕಿರಲಿಲ್ಲ. ಓದಿ ಮುಗಿಸಿದಳೋ ಇಲ್ಲವೋ, ಹಿಂದಿನಿಂದ ಒಂದು ದನಿ ಸೂರು ಹಾರಿಸಿತು.

"ಅಯ್ಯೋ, ಅದು ನಾನೇ ಕಣ್ರೀ! ನನ್ನ ಮೇಲೆ ಬರ್ದಿದಾಳೆ! ಆದ್ರೆ ಮಂಜೂ, ಮೂರು ದಿನ ಅಲ್ಲಮ್ಮಾ, ನಾನು ನಾಲ್ಕು ದಿನ ಇದ್ದೆ. ಐದನೇ ದಿನ ಹೋಗಿದ್ದು."

ಜನ ನಕ್ಕರು. ಚಿತ್ರಾ ಆಂಟಿ ಎದ್ದು ನಿಂತು, ಸುತ್ತಲೂ ತಿರುಗಿ, ಪ್ರಶಸ್ತಿ ಬಂದವರ ಹಾಗೆ ಕೈಮುಗಿದರು. ನ್ಯೂಯಾರ್ಕಿನ ಅಂಗಡಿಗಳಲ್ಲಿ ಜನ ಪದ್ಯ ಕೇಳಿ 'ಹ್ಮ್' ಅಂತ ನಿಟ್ಟುಸಿರು ಬಿಡುತ್ತಿದ್ದರೇ ಹೊರತು ಯಾರೂ ಎದ್ದು ನಿಂತು ದಿನ ಎಣಿಸಿರಲಿಲ್ಲ. ಮಂಜರಿಗೆ ತನಗೇ ಗೊತ್ತಿಲ್ಲದಂತೆ ಖುಷಿ ಹತ್ತಿತು. ಇನ್ನೂ ನಾಲ್ಕು ಪದ್ಯ ಓದಿದಳು. ಗೊರಕೆಯ ಪದ್ಯಕ್ಕಂತೂ ಅರ್ಧ ಸಭೆಯ ಹೆಂಗಸರು ತಂತಮ್ಮ ಗಂಡಂದಿರ ಕಡೆ ತಿರುಗಿ ನೋಡಿದರು. 'ನಿಸರ್ಗ ಎಲ್ಲಿ?' ಅಂತ ಯಾರೂ ಕೇಳಲಿಲ್ಲ.

"ಇಷ್ಟೇ. ನಮಸ್ಕಾರ," ಅಂತ ಅವಳು ಪುಸ್ತಕ ಮುಚ್ಚಿದಳು.

"ಇಲ್ಲವಾ, ಇನ್ನೊಂದು ಉಳದೈತಿ," ಅಂದಳು ಮೊದಲ ಸಾಲಿನಿಂದ ಅವ್ವ. "ಎಪ್ಪತ್ತೊಂದನೇ ಪುಟ."

ಮಂಜರಿ ಮುಚ್ಚಿದ ಪುಸ್ತಕ ಹಿಡಿದುಕೊಂಡೇ ಅವ್ವನ ಕಡೆ ನೋಡಿದಳು. ಅವ್ವನ ಮುಖದಲ್ಲಿ ಸಿಟ್ಟಿಲ್ಲ, ಏನೂ ಇಲ್ಲ. ಶಾಲೆಯ ಗ್ಯಾದರಿಂಗಿನಲ್ಲಿ ಮಗು ಹಾಡು ಮರೆತಾಗ ಕೂತಲ್ಲಿಂದಲೇ ಮುಂದಿನ ಸಾಲು ಹೇಳಿಕೊಡುತ್ತಿದ್ದಳಲ್ಲ, ಅದೇ ಮುಖ.

"ಅವ್ವಾ, ಅದು ಬ್ಯಾಡ."

"ಓದು. ಅರವತ್ತು ಮಂದಿ ಕೂತಾರ."

ಓದಿದಳು. ಇಂಗ್ಲಿಷಿನಲ್ಲಿದ್ದ ಆ ಪದ್ಯದ ಕೊನೆಯನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ:

*ಪ್ರತಿ ಗುರುವಾರ ನನ್ನವ್ವ*
*ನಮ್ಮ ಬದುಕನ್ನೆಲ್ಲ ಒಂದು ನೀಲಿ ಚೀಲದಲ್ಲಿ ತುಂಬಿದಳು.*
*ಪ್ರತಿ ಗುರುವಾರ ಟ್ರೈನ್ ಬಂತು, ಬಾಗಿಲು ತೆರೆಯಿತು.*
*ಟ್ರೈನ್ ಹೋಯಿತು. ನಾವು ಹೋಗಲಿಲ್ಲ.*
*ಆ ರಾತ್ರಿ ರೊಟ್ಟಿಯಲ್ಲಿ ಉಪ್ಪು ಹೆಚ್ಚಾಗಿತ್ತು. ಅಪ್ಪ ಏನೂ ಅನ್ನಲಿಲ್ಲ.*

ಮಿರ್ಚಿ ಕರಿಯುವ ಸದ್ದು ಅಡುಗೆಮನೆಯಿಂದ ಕೇಳಿಸಿತು. ಮುರುಗೆಪ್ಪನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೆಂಡತಿಯ ಕಡೆಗೆ ತಿರುಗಿದ್ದರು. ಮಂಜರಿಗೆ ನೆಲ ಬಿರಿದು ತನ್ನನ್ನು ನುಂಗಬಾರದೆ ಅನ್ನಿಸಿತು.

ಚನ್ನಬಸಮ್ಮ ಎದ್ದು ನಿಂತಳು. ಕೈಚೀಲದಿಂದ ಒಂದು ಪುಸ್ತಕ ತೆಗೆದಳು. 'ಬ್ಲೂ ಬ್ಯಾಗ್, ಥರ್ಸ್‌ಡೇ'. ಒಳಗೆ ಅಲ್ಲಲ್ಲಿ ಕಾಗದದ ಚೂರು ಸಿಕ್ಕಿಸಿದ್ದವು. ಕಿವಿಯ ಮೇಲಿಂದ ಒಂದು ಪೆನ್ಸಿಲ್ ಕೂಡ ಹೊರಬಂತು.

"ಪದ್ಯ ಚಲೋ ಐತಿ," ಅಂದಳು. "ಆದ್ರ ತಪ್ಪು ಭಾಳ ಅದಾವು. ಮೊದಲನೇದು, ರೊಟ್ಟಿಯಾಗ ಯಾರರ ಉಪ್ಪು ಹಾಕ್ತಾರೇನು? ನಾ ಯಾವತ್ತೂ ಹಾಕಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು.

"ಎರಡನೇದು, ಆ ಚೀಲ. ಏನವಾ, ಬದುಕನ್ನ ತುಂಬಿದಳು ಅಂತ ಬರದಿ! ಅದರಾಗ ಇದ್ದದ್ದು ನಿಮ್ಮಪ್ಪನ ಬನಿಯನ್ನು! ನಿನ್ನ ಒದ್ದಿ ಚಡ್ಡಿ! ಲಾಂಡ್ರೊಮ್ಯಾಟ್ ಸ್ಟೇಷನ್ನಿನ ಬಾಜೂಕ ಇತ್ತು. ಮಷಿನ್ನಿನಾಗ ಅರಿವಿ ಹಾಕಿದ್ರ ಒಂದು ತಾಸು ಬೇಕು. ಆ ತಾಸಿನಾಗ ನಿನ್ನ ಕರಕೊಂಡು ಮ್ಯಾಲೆ ಪ್ಲಾಟ್‌ಫಾರ್ಮಿಗೆ ಹೋಗ್ತಿದ್ದೆ. ಖಾಲಿ ಚೀಲ ಹಿಡ್ಕೊಂಡು ಹೋಗಿ, ತುಂಬಿದ ಚೀಲ ಹೊತ್ಕೊಂಡು ಮನೀಗೆ ಬರ್ತಿದ್ದೆ."

ಈಗ ಇಡೀ ಸಭೆ ನಗಲು ಶುರುಮಾಡಿತ್ತು. ಮಂಜರಿ ಬಾಯಿ ತೆರೆದುಕೊಂಡು ನಿಂತಿದ್ದಳು. ಚಡ್ಡಿ! ಮೂವತ್ತೆಂಟು ವರ್ಷ ಎದೆಯಲ್ಲಿಟ್ಟುಕೊಂಡು ಸಾಕಿದ ನೋವು, ಒದ್ದೆ ಚಡ್ಡಿ!

"ಹಂಗಾದ್ರ ಪ್ಲಾಟ್‌ಫಾರ್ಮಿಗೆ ಯಾಕ ಹೋಗ್ತಿದ್ವಿ ಅವ್ವಾ? ಬಾಯಾಗ ಏನ್ ಅಂತಿದ್ದಿ ನೀನು?"

ಚನ್ನಬಸಮ್ಮ ಒಮ್ಮೆ ಗಂಡನ ಕಡೆ ನೋಡಿ, ಸೆರಗು ಸರಿಮಾಡಿಕೊಂಡಳು. "ನಾ ಬಂದ ಹೊಸದಾಗ ಅಂಗಡಿಯಾಗ ಏನೋ ಇಂಗ್ಲಿಷಿನಾಗ ಕೇಳಿದ್ದೆ. ಅಲ್ಲಿ ಹುಡುಗಿ ನಕ್ಕಳು. ನಿಮ್ಮಪ್ಪನೂ ನಕ್ಕರು. ಸುಮ್ಮಕ ನಕ್ಕರು, ಮನಸಿನಾಗ ಏನಿರಲಿಲ್ಲ. ಆದ್ರ ನನಗ ನಟ್ಟಿತು. ಸ್ಟೇಷನ್ನಿನಾಗ ಒಬ್ಬಾಂವ ಮೈಕಿನಾಗ ಕೂಗ್ತಿದ್ದ. ಎಷ್ಟು ಸ್ವಚ್ಛ ಮಾತಾಡ್ತಿದ್ದ ಅಂತೀರಿ! ಅಂವ ಅಂದಂಗ ಅನ್ನೋದು. ಒಂದು ವಾರ ಕಲೀಲಿಕ್ಕೆ ಬರದಿದ್ರ ಸಿಟ್ಟಿಗೆ ಕಣ್ಣಾಗ ನೀರು ಬರ್ತಿತ್ತು, ಅದನ್ನ ನೀ ನೋಡೀದಿ. ನಾ ಇಂಗ್ಲಿಷ್ ಕಲ್ತಿದ್ದು ಅಲ್ಲೇ."

ಆಮೇಲೆ ಅರವತ್ತೊಂಬತ್ತು ವರ್ಷದ ಚನ್ನಬಸಮ್ಮ ಹಳ್ಳೂರ, ಇಳಕಲ್ ಸೀರೆಯುಟ್ಟು, ಮನ್ರೋ ಕ್ಲಬ್‌ಹೌಸಿನ ನಡುವೆ ಎದೆ ಸೆಟೆದು ನಿಂತು, ಮೂಗಿನಿಂದ ಗಂಭೀರವಾದ ಗಂಡು ದನಿ ತೆಗೆದು ಅಪ್ಪಟ ಜರ್ಸಿಯ ಇಂಗ್ಲಿಷಿನಲ್ಲಿ ಕೂಗಿದಳು: "ದ ಟ್ರೈನ್ ನೌ ಅರೈವಿಂಗ್ ಆನ್ ಟ್ರ್ಯಾಕ್ ಒನ್! ಎಡಿಸನ್, ಮೆಟಚನ್, ಮೆಟ್ರೋಪಾರ್ಕ್, ರಾವೇ, ಲಿಂಡನ್, ಎಲಿಜಬೆತ್, ನ್ಯೂಆರ್ಕ್, ನ್ಯೂಯಾರ್ಕ್! ಸ್ಟ್ಯಾಂಡ್ ಬ್ಯಾಕ್ ಫ್ರಮ್ ದ ಯೆಲ್ಲೋ ಲೈನ್, ಪ್ಲೀಸ್!"

ಸಭೆ ಹುಚ್ಚೆದ್ದಿತು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಕುರ್ಚಿ ಬಡಿದರು. ಚಿತ್ರಾ ಆಂಟಿ ಸಿಳ್ಳೆ ಹಾಕಲು ಹೋಗಿ ಬರದೆ ಕೆಮ್ಮಿದರು. ಮುರುಗೆಪ್ಪನವರು ಮಾತ್ರ ನಗದೆ ಎದ್ದು ನಿಂತರು.

"ಅಲ್ಲ ಚನ್ನೂ," ಅಂದರು. "ನಾ ಎಂಟು ವರ್ಷ ವಾಷಿಂಗ್ ಮಷಿನ್ ತರ್ತೀನಿ ಅಂತ ಬಡಕೊಂಡೆ. ಬ್ಯಾಡ, ನೆಲ ನಡಗತೈತಿ, ಕೆಳಗಿನ ಮನಿಯವರು ಬೈತಾರ ಅಂದಿ. ಇದಕ್ಕೇನು?"

"ಮತ್ತ? ಮಷಿನ್ ಬಂದ್ರ ಗುರುವಾರ ಹೋಗ್ತಿತ್ತು."

"ನಾಲ್ಕು ಮ್ಯಾನ್ಯುಯಲ್ ಓದಿ ಮಾಡೆಲ್ ಆರಿಸಿ ಇಟ್ಟಿದ್ದೆ!" ಅಂದವರೇ ಮುರುಗೆಪ್ಪನವರು ನಕ್ಕುಬಿಟ್ಟರು. ಆಮೇಲೆ ಎಲ್ಲರ ಎದುರಿಗೇ, "ಆವತ್ತು ನಾ ನಗಬಾರದಿತ್ತು," ಅಂದರು. ಹೆಂಡತಿಯ ಭುಜದ ಮೇಲೆ ಕೈಯಿಟ್ಟು ಹಾಗೇ ನಿಂತರು. ನಲವತ್ತೈದು ವರ್ಷದ ಸಂಸಾರದಲ್ಲಿ ಸಭೆಯ ಮಧ್ಯೆ ಅವರು ಹೀಗೆ ಕೈಯಿಟ್ಟದ್ದು ಇದೇ ಮೊದಲು, ಮದುವೆಯ ಫೋಟೋದಲ್ಲೂ ದೂರ ನಿಂತ ಮನುಷ್ಯ.

"ಹನ್ನೆರಡನೇ ಪುಟದಾಗನೂ ಒಂದೈತಿ," ಅಂತ ಅವ್ವ ಬಿಡದೆ ಪುಟ ತಿರುಗಿಸಿದಳು. "ನಿನ್ನ ಡಿವೋರ್ಸಿಗೆ ನಾ ಮೂರು ದಿನ ಊಟ ಬಿಟ್ಟೆ ಅಂತ ಬರದಿ. ಒಂದ ದಿನ. ಮರುದಿನ ಗಿರಮಿಟ್ ತಿಂದೀನಿ, ಎರಡು ಪ್ಲೇಟು."

ಆಮೇಲೆ ಕವಿತಾ ವಾಚನ ಎಲ್ಲಿ ಉಳಿಯಿತು? ಎಲ್ಲರೂ ಮಿರ್ಚಿಯ ಕಡೆ ಹೊರಟರು. ಆದರೆ ಅವ್ವ ಒಂದು ತಟ್ಟೆ ಹಿಡಿದುಕೊಂಡು ಮಂಜರಿಯ ಮುಂದೆ ಬಂದು ನಿಂತಾಗ ಹೆಂಗಸರೆಲ್ಲ ನಿಂತಲ್ಲೇ ನಿಂತರು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಎಲೆ ಅಡಿಕೆ, ಮೇಲೊಂದು ಗುಳೇದಗುಡ್ಡದ ಖಣ. ಉಡಿ ತುಂಬುವ ಸಾಮಾನು. ಗಂಡನಿದ್ದ ಹೆಣ್ಣುಮಕ್ಕಳಿಗೆ, ಬಸುರಿಗೆ, ಬಾಣಂತಿಗೆ ಸೆರಗಿನಲ್ಲಿ ತುಂಬುವ ಮಂಗಳ. ಡಿವೋರ್ಸ್ ಆದಮೇಲೆ ಒಂಬತ್ತು ವರ್ಷ ಯಾರೂ ಮಂಜರಿಗೆ ಉಡಿ ತುಂಬಿರಲಿಲ್ಲ. ಪೂಜೆಗಳಲ್ಲಿ ಆ ತಟ್ಟೆ ಅವಳ ಪಕ್ಕದವಳ ತನಕ ಬಂದು, ಅವಳನ್ನು ದಾಟಿ ಆಚೆಯವಳಿಗೆ ಹೋಗುತ್ತಿತ್ತು. ಅವಳು ಆ ಹೊತ್ತಿಗೆ ಫೋನು ನೋಡುತ್ತಿದ್ದಳು. ಇದನ್ನು ಮಾತ್ರ ಅವಳು ಎಲ್ಲೂ ಬರೆದಿರಲಿಲ್ಲ.

"ಅನಸೂಯಕ್ಕ ಏನಂತಾರೋ," ಅಂತ ಯಾರೋ ಪಿಸುಗುಟ್ಟಿದರು. ಅನಸೂಯಕ್ಕ ಅಂದರೆ ಮನ್ರೋದ ಪೂಜೆಗಳಿಗೆಲ್ಲ ಹಿರಿತಲೆ.

ಅವ್ವ ದನಿ ಏರಿಸಲಿಲ್ಲ. "ನಾಲ್ಕು ಪುಸ್ತಕ ಹಡದಾಳ. ಬಾಣಂತಿ ಅಕಿ. ಉಡಿ ತುಂಬಬಾರದೇನು? ಒಡ್ಡು ಮಂಜೂ."

ಒಡ್ಡಲು ಸೆರಗೆಲ್ಲಿ? ಜೀನ್ಸ್ ಪ್ಯಾಂಟು, ಕಪ್ಪು ಶರ್ಟು. ಮಂಜರಿ ಶರ್ಟಿನ ಅಂಚನ್ನೇ ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಅವ್ವ ಐದು ಸಲ ಬೊಗಸೆ ತುಂಬಿ ಅಕ್ಕಿ ಹಾಕಿದಳು. ಮುಗಿಯುವ ಹೊತ್ತಿಗೆ ಪಕ್ಕದಲ್ಲಿ ಅನಸೂಯಕ್ಕನೇ ಬಂದು ನಿಂತಿದ್ದರು. ಗಂಟುಮೋರೆ ಹಾಗೇ ಇತ್ತು. "ಕುಂಕುಮ ಯಾರು ಹಚ್ಚೋರು? ಅರ್ಧಮರ್ಧ ಮಾಡ್ತೀರಲ್ಲೇ," ಅಂತ ಗದರಿಸಿ, ತಾವೇ ಮಂಜರಿಯ ಹಣೆಗೆ ಬೆರಳಿಟ್ಟರು. ಮಂಜರಿ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಅಕ್ಕಿ ಕಾಲ ಮೇಲೆಲ್ಲ ಸೋರುತ್ತಿತ್ತು.

ಆರೂವರೆಗೆ ಜನ ಕರಗಿದರು. ಬಿಸಿಲು ಇನ್ನೂ ಇತ್ತು. ಕ್ಲಬ್‌ಹೌಸಿನ ಅಡುಗೆಮನೆಯಲ್ಲಿ ಅವ್ವ ಪಾತ್ರೆ ತೊಳೆಯುತ್ತಿದ್ದಳು, ಮಂಜರಿ ಒರೆಸುತ್ತಿದ್ದಳು. ಹೊರಗೆ ಅಪ್ಪ ಕುರ್ಚಿ ಮಡಿಸುವ ಸದ್ದು.

"ಯಾವಾಗಿಂದ ಓದ್ಲಿಕ್ಕ ಹತ್ತೀದಿ ಅವ್ವಾ?"

"ಮೊದಲನೇ ಪುಸ್ತಕದಿಂದ. ನಾಲ್ಕೂ ಅಕ್ಕಿ ಡಬ್ಬಿ ಹಿಂದ ಅದಾವು. ಮರಾನೂ ಇಲ್ಲ, ಹಿಮಾನೂ ಇಲ್ಲ, ಒಂದು ಹಕ್ಕಿ ಸೈತ ಇಲ್ಲ ಅದರಾಗ."

"ಮತ್ತ ಯಾಕ ಹೇಳಲಿಲ್ಲ? ಇಪ್ಪತ್ತು ವರ್ಷ ಮರ ಯಾವುದು, ಮರ ಯಾವುದು ಅಂತ ಕೇಳಿದಿ!"

ಅವ್ವ ನಲ್ಲಿ ನಿಲ್ಲಿಸಿದಳು. "ನಾ ಓದ್ತೀನಿ ಅಂತ ಗೊತ್ತಾಗಿದ್ರ, ಒಂದೊಂದು ಸಾಲಿಗೂ ನೀ ನನ್ನ ಮುಖಾ ನೋಡ್ತಿದ್ದಿ. ಆಮ್ಯಾಲೆ ಖರೇನ ಬರೀ ಮರದ ಮ್ಯಾಲೆ ಬರೀತಿದ್ದಿ. ಮರದ ಪದ್ಯ ಯಾರಿಗೆ ಬೇಕು?"

ಮಂಜರಿ ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದಳು.

"ಇನ್ನೊಂದು ಹೇಳ್ತೀನಿ ಕೇಳು," ಅಂದಳು ಅವ್ವ, ಬಾಗಿಲ ಕಡೆ ಒಮ್ಮೆ ನೋಡಿ. "ನಿನ್ನ ಪದ್ಯ ಪೂರಾ ತಪ್ಪಲ್ಲ. ಒಂದು ಗುರುವಾರ ಖರೇನ ಹತ್ತಿದ್ದೆ. ಟ್ರೈನ್ ಬಂತು, ಬಾಗಿಲ ತೆರೀತು, ನಿನ್ನ ಎತ್ಕೊಂಡು ಹತ್ತಿಬಿಟ್ಟೆ. ಯಾಕ ಅಂತ ಕೇಳಬ್ಯಾಡ. ನಿಮ್ಮಪ್ಪ ಏನೂ ಮಾಡಿರಲಿಲ್ಲ. ನಾಲ್ಕು ಗೋಡಿ, ಹಿಮ, ಮಾತಾಡ್ಲಿಕ್ಕ ಒಂದು ನರಪಿಳ್ಳಿ ಇಲ್ಲ. ಚಿತ್ರಾ ಇನ್ನೂ ಸಿಕ್ಕಿರಲಿಲ್ಲ. ಎಲ್ಲಿಗೆ ಹೋಗ್ತೀನಿ ಅಂತ ನನಗ ಗೊತ್ತಿದ್ರ ಅಲ್ಲೇನು?"

"ಮತ್ತ?"

"ಮುಂದಿನ ಸ್ಟೇಷನ್ ಎಡಿಸನ್ನಿನಾಗ ಇಳದು ವಾಪಸ್ ಬಂದೆ. ಮಷಿನ್ನಿನಾಗ ಅರಿವಿ ಇದ್ವಲ್ಲ."

ಇಬ್ಬರೂ ನಕ್ಕರು. ನಗುತ್ತ ನಗುತ್ತ ಅವ್ವ ಮೊಣಕೈಯಿಂದ ಕಣ್ಣೊರೆಸಿಕೊಂಡಳು, ಕೈ ಸೋಪಾಗಿತ್ತು.

"ಅರಿವೀಗೆ ಅಲ್ಲ," ಅಂದಳು, ಮತ್ತೆ ನಲ್ಲಿ ತಿರುಗಿಸುತ್ತ. "ನೀ ಕಿಡಕಿಯಾಗ ನೋಡ್ಕೋತ ಕೇಳಿದಿ, 'ಅವ್ವಾ, ಅಪ್ಪ ಯಾವ ಸ್ಟೇಷನ್ನಿನಾಗ ಹತ್ತತಾನ?' ಅಂತ. ಅದಕ್ಕ ಇಳದೆ."

ಮಂಜರಿಗೆ ಅದು ಒಂದಿಷ್ಟೂ ನೆನಪಿರಲಿಲ್ಲ. ಬದುಕಿಡೀ ತನ್ನ ನೆನಪನ್ನೇ ಅಗೆದು ತೋಡಿ ಬರೆದವಳಿಗೆ, ಮನೆಯನ್ನು ಉಳಿಸಿದ ತನ್ನದೇ ಮಾತು ನೆನಪಿರಲಿಲ್ಲ. ಅದನ್ನು ಅವ್ವ ಇಟ್ಟುಕೊಂಡಿದ್ದಳು. ಅವಳು ಒರೆಸುವ ಬಟ್ಟೆ ಕೆಳಗಿಟ್ಟು ಅವ್ವನನ್ನು ತಬ್ಬಿಕೊಂಡಳು. ಶರ್ಟಿನ ಮಡಿಕೆಯಲ್ಲಿ ಉಳಿದಿದ್ದ ಅಕ್ಕಿಕಾಳು ನೆಲಕ್ಕೆ ಪಟಪಟ ಉದುರಿದವು.

"ಇದನ್ನ ಬರೀಲೇನು ಅವ್ವಾ?"

ಹೊರಗಿನಿಂದ ಅಪ್ಪ ಕೂಗಿದರು, "ಕುರ್ಚಿ ಎಲ್ಲಾ ಆದ್ವು! ಹೊರಡೋಣೇನು?"

"ಬಂದ್ವಿ ರೀ," ಅಂದಳು ಚನ್ನಬಸಮ್ಮ. ಕೈ ಒರೆಸಿಕೊಂಡು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮಗಳ ಕೈಗೆ ಕೊಟ್ಟಳು.

"ಬರಿ. ಆದ್ರ ಎಡಿಸನ್ ಅಂತನ ಬರಿ. ನ್ಯೂಯಾರ್ಕ್ ತನಕ ಹೋಗಿದ್ವಿ ಅಂತ ಹಿಗ್ಗಿಸಬ್ಯಾಡ. ನಾ ಓದ್ತೀನಿ."